ಸರೋದ್ ಆದ ಮೇಲೆ ಡ್ರಮ್

ಜಾಲಹಳ್ಳಿ
೫ ಜೂನ್ ೨೦೧೧

ಶಿವು,

ನಿಮ್ಮ ಸೈಟಿನೊಳಗೆ ಮೊಬೈಲ್ ಬಿಡೋದಿಲ್ಲ, ಭಾನುವಾರ ಇರೋ ಒಂದೇ ಫೋನಿಗೆ ಇಡೀ ಕ್ಯಾಂಪು ಸಾಲು ನಿಲ್ಲುತ್ತೆ, ಹೆಂಡತಿ ಹತ್ತಿರ ಮಾತಾಡುವಾಗ ಹಿಂದೆ ನಿಂತವನು ಕೆಮ್ಮುತ್ತಾನೆ. ಇದನ್ನೆಲ್ಲ ಮದುವೆಗೆ ಮುಂಚೆ ಯಾಕೆ ಹೇಳಲಿಲ್ಲ ನೀನು? ಹೇಳಿದ್ದರೂ ಒಪ್ಪುತ್ತಿದ್ದೆ, ಅದು ಬೇರೆ ಮಾತು. ಆದರೆ ಮದುವೆಯಾದ ಮೂರನೇ ವಾರಕ್ಕೇ ಗಂಡನನ್ನು ರೇಡಾರ್ ಕೂರಿಸು ಅಂತ ಹೆಸರು ಹೇಳಬಾರದ ಬೆಟ್ಟಕ್ಕೆ ಅಟ್ಟುವ ಫ್ಯಾಕ್ಟರಿಗೆ ಹೇಳೋರು ಕೇಳೋರು ಯಾರೂ ಇಲ್ಲವಾ? ಇದನ್ನೇ ನಿನ್ನೆ ಮಾವನ ಹತ್ತಿರ ಕೇಳಿದೆ. ಅದೇ ಫ್ಯಾಕ್ಟರಿಯಲ್ಲಿ ಜೀವಮಾನವೆಲ್ಲ ದುಡಿದವರು ಪೇಪರ್ ಮಡಚಿಟ್ಟು, "ಯೂನಿಯನ್ನಿಗೆ ಹೇಳೋಣೇನವಾ?" ಅಂದರು. ನಗೋದೋ ಅಳೋದೋ ಗೊತ್ತಾಗಲಿಲ್ಲ.

ಸೆಕ್ಯುರಿಟಿಯವರು ಕಾಗದ ತೆರೆದು ಓದುತ್ತಾರೆ ಅಂದೆಯಲ್ಲ, ಅದಕ್ಕೇ ಕನ್ನಡದಲ್ಲಿ ಬರೀತಿದ್ದೀನಿ. ಓದಿಕೊಳ್ಳಲಿ ನೋಡೋಣ. ಹತ್ತು ವರ್ಷ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ಫೈನ್ ಕಟ್ಟಿದವಳು ನಾನು. ಅದೆಲ್ಲ ಈಗ ವಸೂಲಾಗುತ್ತಿದೆ.

ನಿಮ್ಮ ಮನೆ ನನಗೆ ತುಂಬ ತುಂಬ ಇಷ್ಟವಾಗಿದೆ. ಒಂದು ಮಾತು ಮಾತ್ರ ಹೇಳಲೇಬೇಕು. ಸೋಫಾಕ್ಕೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಇನ್ನೂ ಇದೆ. ಟಿವಿ ರಿಮೋಟಿಗೂ ಇದೆ. ನಾನು ಬಂದ ಮೇಲೆ ಕೊಂಡ ಮಿಕ್ಸಿಗೂ ಇದೆ, ಅದರೊಳಗಿಂದಲೇ ಸ್ವಿಚ್ ಒತ್ತಬೇಕು. ತೆಗೀಲಾ ಅತ್ತೆ ಅಂದರೆ, "ಹೊಸಾದು ಹೊಸಾದಾಗೇ ಇರ್ಲಿ ಬಿಡವಾ, ಏನು ಉಣ್ಣಾಕ ಕೇಳ್ತೈತೇನು?" ಅಂದರು. ನಾನೂ ಈ ಮನೆಗೆ ಹೊಸಬಳೇ. ನನ್ನ ಮೇಲೆ ಇನ್ನೂ ಏನೂ ಸುತ್ತಿಲ್ಲ, ಅಷ್ಟೇ ಪುಣ್ಯ.

ಈಗ ಮುಖ್ಯ ವಿಷಯ. ನಮ್ಮ ಸುರೇಶಣ್ಣ ನನ್ನ ಸಿಡಿ ಪ್ಲೇಯರನ್ನು ಆರ್.ಟಿ. ನಗರದ ಅಮ್ಮನ ಮನೆಯಿಂದ ತಂದುಕೊಟ್ಟ. ಹತ್ತೊಂಬತ್ತನೇ ತಾರೀಕಿನ ಭಾನುವಾರದಿಂದ ಮನೆಯಲ್ಲಿ ವಾರಕ್ಕೊಂದು ಆಲ್ಬಂ ಹಾಕಿ ಎಲ್ಲರಿಗೂ ಕೇಳಿಸುತ್ತೀನಿ. ಮೊದಲಿನಿಂದ ಕೊನೆಯ ತನಕ, ಮಧ್ಯೆ ಎದ್ದುಹೋಗೋ ಹಾಗಿಲ್ಲ. ಆಲ್ಬಂ ಅಂದರೆ ಊಟದ ಎಲೆ ಇದ್ದ ಹಾಗೆ. ಎಲ್ಲಿಂದ ಶುರು, ಯಾವುದಾದ ಮೇಲೆ ಯಾವುದು, ಎಲ್ಲಕ್ಕೂ ಲೆಕ್ಕ ಇರುತ್ತೆ. ನಾನು ನಿನಗೆ ಕೊಟ್ಟ ಆ ಎಂಟನ್ನೇ ಹಾಕುತ್ತೀನಿ: ಸರೋದ್, ಗಜಲ್, ಭಾವಗೀತೆ, ಕೊಳಲು, ಜಾಜ್ ಪಿಯಾನೋ, ಪೋರ್ಚುಗಲ್ ಕಡೆಯ ಆ ಹೆಂಗಸಿನ ಅಳುವ ಹಾಡುಗಳು, ಮೆಟಲ್, ಆಮೇಲೆ ನಮ್ಮ ಹೆಬ್ಬಾಳದ ಹುಡುಗರ 'ಲಾಸ್ಟ್ ಸ್ಟಾಪ್ ಕೆಂಪಾಪುರ' ಬ್ಯಾಂಡ್. ಇವನ್ನು ಕೇಳದೆ ಯಾರೂ ಸಾಯಬಾರದು ಅನ್ನೋದು ನನ್ನ ಮತ. ನಮ್ಮ ಮುಕ್ತಾರ್ ಭಾಯ್ ಸಿಡಿ ಅಂಗಡಿಯನ್ನು ಮುಚ್ಚಿ ಮೊಬೈಲ್ ಕವರ್ ಮಾರುತ್ತಾರಂತೆ. ಜನಕ್ಕೆ ಏನಾಗಿದೆ ಹೇಳು.

ಅಪ್ಪ ಆರು ತಿಂಗಳು ಟೈಮ್ ಕೊಟ್ಟಿದ್ದರಲ್ಲ, ಹುಡುಗ ನನ್ನ ಫ್ರೆಂಡ್ ಶಿವಪ್ಪನ ಮಗ, ಫ್ಯಾಕ್ಟರಿಯ ಒಂದೇ ಶಾಪಿನಲ್ಲಿ ಕೆಲಸ ಮಾಡಿದವರು ನಾವು, ಜಾತಿ ಕೇಳುವವರ ಬಾಯಿ ನಾನು ಮುಚ್ಚಿಸುತ್ತೀನಿ, ನೀನು ಯೋಚನೆ ಮಾಡಿ ಹೇಳು ಅಂತ. ನಾನು ಯೋಚನೆ ಮಾಡಲಿಲ್ಲ ಶಿವು. ಆಲ್ಬಂ ಕಳಿಸಿದೆ, ನಿನ್ನ ಮೇಲ್ ಕಾದೆ. ಕೊನೆಗೆ ಕಳಿಸಿದ ಸರೋದ್ ಬಗ್ಗೆ ನೀನು ಬರೆದೆಯಲ್ಲ, "ಸರೋದ್ ನಿಂತು ಒಂದು ಉಸಿರಿನಷ್ಟು ಸುಮ್ಮನಾಗಿ ಆಮೇಲೆ ಡ್ರಮ್ ಬರುತ್ತೆ, ಅಲ್ಲಿ ಬೆಳಕು ಹರಿದ ಹಾಗಾಯಿತು" ಅಂತ. ತಬಲಾವನ್ನು ಡ್ರಮ್ ಅಂದ ನಿನ್ನ ಮುಗ್ಧತೆಗೆ ಕರಗಿಹೋದೆ. ಅಪ್ಪನಿಗೆ ಹೂಂ ಅಂದದ್ದು ಆವತ್ತೇ.

ಆ ಸಿಡಿಗಳು ಎಲ್ಲಿವೆ?

ನಿನ್ನ
ತೇಜು

*

ಸೈಟ್
೧೪ ಜೂನ್ ೨೦೧೧

ತೇಜಸ್ವಿನಿ,

ಕಾಗದ ತಲುಪಿತು. ಆರೋಗ್ಯವಾಗಿದ್ದೇನೆ. ಚಪಾತಿ ಗಟ್ಟಿ, ಚಳಿ ಜಾಸ್ತಿ.

ಸಿಡಿಗಳು ಬೀರುವಿನ ಮೇಲಿನ ಖಾನೆಯಲ್ಲಿ, ಅವ್ವನ ರೇಷ್ಮೆ ಸೀರೆಗಳ ಕೆಳಗೆ ಜೋಪಾನವಾಗಿವೆ. ಸದ್ಯಕ್ಕೆ ಅವನ್ನು ತೆಗೆಯಬೇಡ. ನಾನು ಬಂದ ಮೇಲೆ ಇಬ್ಬರೂ ಕೂತು ಕೇಳೋಣ.

ಇಲ್ಲಿ ಎಲ್ಲರೂ ನಿನ್ನ ಕಾಗದದ ದಪ್ಪ ನೋಡಿ ನಗುತ್ತಾರೆ. ನನಗೆ ಖುಷಿ.

ಶಿವಪ್ರಕಾಶ

*

ಜಾಲಹಳ್ಳಿ
೨೨ ಜೂನ್ ೨೦೧೧

ಶ್ರೀ ಶಿವಪ್ರಕಾಶ ಅವರಿಗೆ,

ನಿಮ್ಮ ಕಾಗದ ನನಗೆ ಸಿಕ್ಕಿದ್ದು ಸೋಮವಾರ. ಅತ್ತೆಯನ್ನು ಕೇಳಿ ನಾನು ಬೀರು ತೆಗೆದದ್ದು ಅದರ ಹಿಂದಿನ ದಿನ. ಹೀಗಾಗಿ 'ತೆಗೆಯಬೇಡ' ಅನ್ನುವ ನಿಮ್ಮ ಅಪ್ಪಣೆ ತಡವಾಗಿ ಬಂತು. ಯಾಕೆ ತೆಗೆಯಬಾರದಿತ್ತು ಅಂತ ಈಗ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಅತ್ತೆ, ಮಾವ, ಮೇಲಿನ ಕ್ವಾರ್ಟರ್ಸಿನ ಗಂಗರತ್ನಮ್ಮ, ಮೂವರನ್ನೂ ಕೂರಿಸಿದೆ. ಗಂಗರತ್ನಮ್ಮ ಚಕ್ಕುಲಿ ಬೇರೆ ತಂದಿದ್ದರು. ಸಂಗೀತ ಅಂದರೆ ಏನು, ಯಾಕೆ ಎಲ್ಲ ಬಗೆಯದ್ದನ್ನೂ ಕೇಳಬೇಕು ಅಂತ ಸಣ್ಣ ಭಾಷಣ ಮಾಡಿದೆ. ನನ್ನ ಗಂಡನಿಗೆ ಇವೆಲ್ಲ ಬಾಯಿಪಾಠ ಅಂದೆ. ಆಮೇಲೆ ಸೀರೆಗಳ ಕೆಳಗಿಂದ ಕಟ್ಟು ಎಳೆದೆ. ಎಂಟಕ್ಕೆ ಎಂಟೂ ಪ್ಯಾಕಿನಲ್ಲೇ ಇವೆ. ಮೇಲಿನ ಪ್ಲಾಸ್ಟಿಕ್ ಹರಿದಿಲ್ಲ, ಮುಕ್ತಾರ್ ಭಾಯ್ ಅಂಟಿಸಿದ ಬೆಲೆಚೀಟಿ ಹಾಗೇ ಇದೆ. ಒಂದನ್ನೂ ನೀವು ಕೇಳಿಲ್ಲ.

ಗಂಗರತ್ನಮ್ಮ ನನಗೆ ಸಮಾಧಾನ ಹೇಳುವ ಧಾಟಿಯಲ್ಲಿ, "ಹೋಗ್ಲಿ ಬಿಡಮ್ಮ, ಹಾಳಾಗಿಲ್ವಲ್ಲ. ಯಾರದಾದ್ರೂ ಗೃಹಪ್ರವೇಶಕ್ಕೆ ಕೊಡಬಹುದು" ಅಂದರು. ನಿಮ್ಮ ತಾಯಿ ಹೌದು ಹೌದು ಅಂತ ತಲೆಯಾಡಿಸಿದರು.

ನಾನು ಕೇಳುವುದು ಒಂದೇ. ಆ ಆರು ತಿಂಗಳು ನನಗೆ ಮೇಲ್ ಬರೆದದ್ದು ಯಾರು? ನೀವಾದರೆ, ಏನನ್ನು ಕೇಳಿ ಬರೆದಿರಿ? ಜಾಜ್ ಪಿಯಾನೋದ ಕೊನೆಗೆ ಮುದುಕಿಯೊಬ್ಬಳ ದನಿ ಕೇಳಿದ ಹಾಗಾಗುತ್ತೆ ಅಂತ ಬರೆದಿರಿ. ಅಂಥದ್ದೇನೂ ನನಗೆ ಕೇಳಿಸದೆ ಮೂರು ಸಲ ಹಾಕಿ ಕೂತಿದ್ದೆ. ನನ್ನ ಕಿವಿಯೇ ಸೂಕ್ಷ್ಮವಲ್ಲ, ಹುಡುಗನಿಗೆ ಕೇಳಿಸಿದ್ದು ನನಗೆ ಕೇಳಿಸುತ್ತಿಲ್ಲ ಅಂತ ಅತ್ತಿದ್ದೆ ಕಣ್ರೀ. ಅಪ್ಪನ ಮುಂದೆ ಹೋಗಿ, ಇಂಥವನು ಇನ್ನೊಬ್ಬ ಸಿಗೋದಿಲ್ಲ ಅಂದಿದ್ದೆ.

ಉತ್ತರ ಬರೆಯಿರಿ. ಚಪಾತಿ ಬಗ್ಗೆ ಬೇಡ.

ತೇಜಸ್ವಿನಿ ಬಾಲರಾಜ್

*

ಸೈಟ್
೧ ಜುಲೈ ೨೦೧೧

ತೇಜು,

ಬರೆದದ್ದು ನಾನೇ. ಕೇಳಿಯೇ ಬರೆದೆ.

ನೀನು ಕೊಟ್ಟದ್ದನ್ನು ಹರಿಯಲು ಮನಸ್ಸಾಗಲಿಲ್ಲ. ಅದಕ್ಕೆ ಬೇರೆ ಕಾರಣ ಇಲ್ಲ. ನಮ್ಮ ಮನೆಯಲ್ಲಿ ಬೆಲೆಬಾಳುವುದನ್ನು ಹಾಗೇ ಇಡುತ್ತಾರೆ, ನಿನಗೆ ಗೊತ್ತು. ಯಶವಂತಪುರ ಸ್ಟೇಷನ್ ಎದುರು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿ ಇದೆ. ನೀನು ಕೊಟ್ಟ ಆಲ್ಬಂಗಳ ಹೆಸರು ಹೇಳಿದೆ, ಇಂಟರ್ನೆಟ್ಟಿನಲ್ಲಿ ಹುಡುಕಿ ತುಂಬಿಸಿಕೊಟ್ಟ. ಇನ್ನೂ ಜಾಗ ಇದೆ ಅಂತ ತಾನೇ ಒಂದಿಷ್ಟು ಜಾನಪದವನ್ನೂ ಹಾಕಿದ. ಬೆಳಗಿನ ಶಿಫ್ಟಿಗೆ ಹೋಗುವಾಗ ಬಸ್ಸಿನಲ್ಲಿ ಕೇಳುತ್ತಿದ್ದೆ. ಫೋನು ಎಲ್ಲ ಆಲ್ಬಂಗಳ ಹಾಡುಗಳನ್ನೂ ಹೆಸರಿನ ಅಕ್ಷರಕ್ರಮದಲ್ಲಿ ಒಂದಾದ ಮೇಲೊಂದು ನುಡಿಸುತ್ತೆ. ಆ ಫೋನು ಬೀರುವಿನಲ್ಲೇ ಇದೆ, ಬೇಕಾದರೆ ನೋಡು.

ಒಳ್ಳೆಯ ಸುದ್ದಿ ಒಂದಿದೆ. ಬೆಟ್ಟದ ಕೆಳಗಿನ ಟೌನ್‌ಶಿಪ್ಪಿನಲ್ಲಿ ನನಗೆ ಕ್ವಾರ್ಟರ್ಸ್ ಆಗಿದೆ. ಎರಡು ರೂಮು, ಹಿಂದೆ ಸೇಬಿನ ಮರ. ಸೆಪ್ಟೆಂಬರ್ ಮೊದಲ ವಾರದೊಳಗೆ ಫ್ಯಾಮಿಲಿ ಬಂದರೆ ಮಾತ್ರ ಕೊಡುತ್ತಾರೆ, ಇಲ್ಲದಿದ್ದರೆ ಮುಂದಿನವನಿಗೆ. ಬರದಿದ್ದರೆ ನಾನು ಇನ್ನೆರಡು ವರ್ಷ ಬ್ಯಾರಕ್ಕಿನಲ್ಲಿ, ನೀನು ಜಾಲಹಳ್ಳಿಯಲ್ಲಿ. ಅಪ್ಪ ಕರೆದುಕೊಂಡು ಬರುತ್ತಾರೆ. ಯಾವಾಗ ಬರುತ್ತೀ ಬರೆ.

ಶಿವು

*

ಆರ್.ಟಿ. ನಗರ
೧೦ ಜುಲೈ ೨೦೧೧

ಶಿವಪ್ರಕಾಶ ಅವರೇ,

ವಿಳಾಸ ನೋಡಿರುತ್ತೀರಿ. ಅಮ್ಮನ ಮನೆಯಲ್ಲಿದ್ದೀನಿ. ಆಷಾಢ, ಹೊಸ ಸೊಸೆ ತವರಿನಲ್ಲಿರಬೇಕು ಅಂತ ಜನಕ್ಕೆ ಹೇಳಲು ಕಾರಣ ಸಿಕ್ಕಿದೆ. ನಿಜವಾದ ಕಾರಣ ನಿಮಗೆ ಗೊತ್ತು.

ಅಕ್ಷರಕ್ರಮದಲ್ಲಿ. ಈ ಪದವನ್ನು ಎಷ್ಟು ಸಲ ಓದಿದೆನೋ. ಒಬ್ಬ ಮನುಷ್ಯ ಜೀವ ತೇಯ್ದು ಯಾವ ರಾಗವಾದ ಮೇಲೆ ಯಾವುದು ಅಂತ ಜೋಡಿಸಿರುತ್ತಾನೆ. ನೀವು ಅದನ್ನು ರೇಷನ್ ಕಾರ್ಡಿನ ಹೆಸರುಗಳ ಹಾಗೆ ಅಕ್ಷರಕ್ಕೆ ಸರಿಯಾಗಿ ನಿಲ್ಲಿಸಿದಿರಿ. ಅದೂ ಕದ್ದ ಹಾಡು. ಮುಕ್ತಾರ್ ಭಾಯ್ ಅಂಗಡಿ ಯಾಕೆ ಮುಚ್ಚಿತು ಅಂತ ಇನ್ನು ನಾನು ಯಾರನ್ನೂ ಬೈಯೋ ಹಾಗಿಲ್ಲ, ನನ್ನ ಗಂಡನೇ ಮುಚ್ಚಿಸಿದ.

ಅದಕ್ಕಿಂತ ದೊಡ್ಡದು ಕೇಳಿ. ಫೋನ್ ತಂದು ಚಾರ್ಜ್ ಹಾಕಿ ಬರೀ ಹೆಸರುಗಳನ್ನು ನೋಡಿದೆ. ಸರೋದಿನ ಆಲಾಪ ಇದೆಯಲ್ಲ, ಅದರ ಕೆಳಗೆ ನಿಂತಿರೋದು ಲಾಸ್ಟ್ ಸ್ಟಾಪ್ ಕೆಂಪಾಪುರದ ಹಾಡು. ನೀವು ಬರೆದದ್ದು ತಬಲಾ ಅಲ್ಲ. ಡ್ರಮ್ಮೇ. ಹೆಬ್ಬಾಳದ ಹುಡುಗರ ಡ್ರಮ್. ಪಿಯಾನೋ ಆದಮೇಲಿನ ಮುದುಕಿ, ಅಂಗಡಿಯವನು ಪುಕ್ಕಟೆ ತುಂಬಿಸಿದ ಬೀಸುವ ಪದದ ಅಜ್ಜಿ. ನಾನು ಮೆಚ್ಚಿ ಮದುವೆಯಾದ ವಾಕ್ಯವನ್ನು ಯಶವಂತಪುರದ ಒಂದು ಮೆಮೊರಿ ಕಾರ್ಡು ಬರೆದಿದೆ. ನೀವಲ್ಲ.

ಸುರೇಶಣ್ಣನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಗಾ, ಇದಕ್ಕೆಲ್ಲ ಯಾರಾದ್ರೂ ಗಂಡನ್ನ ಬಿಡ್ತಾರಾ?" ಅಂದ. ಬಿಡುತ್ತೀನಿ ಅಂತ ಯಾರು ಹೇಳಿದರು? ಆದರೆ ಯಾರ ಜೊತೆ ಆ ಎರಡು ರೂಮಿನಲ್ಲಿ ಇರಬೇಕು ಅಂತ ನನಗೆ ಗೊತ್ತಾಗಬೇಡವಾ? ನಾನು ಆರಿಸಿಕೊಂಡವನು ಒಬ್ಬನಿದ್ದ. ಅವನು ಇಲ್ಲವೇ ಇಲ್ಲ ಅಂತ ಈಗ ತಿಳಿದಿದೆ. ಸೇಬಿನ ಮರವನ್ನು ಮುಂದಿನವನಿಗೆ ಕೊಟ್ಟುಬಿಡಿ. ನಾನು ಬರೋದಿಲ್ಲ.

ತೇಜಸ್ವಿನಿ

*

ಸೈಟ್
೨ ಆಗಸ್ಟ್ ೨೦೧೧

ತೇಜಸ್ವಿನಿ,

ಮೂರು ಭಾನುವಾರ ಸಾಲಿನಲ್ಲಿ ನಿಂತು ಫೋನ್ ಮಾಡಿದೆ. ಮೂರು ಸಲವೂ ನಿಮ್ಮಣ್ಣ ಎತ್ತಿ, ನೀನು ಸ್ನಾನಕ್ಕೆ ಹೋಗಿದ್ದೀ ಅಂದರು. ಅಷ್ಟು ಸ್ನಾನ ಇಲ್ಲಿ ಯಾರೂ ಮಾಡುವುದಿಲ್ಲ.

ನನಗೆ ಬರೆಯಲು ಬರುವುದಿಲ್ಲ. ಆದರೂ ಈ ಸಲ ಬರೆಯುತ್ತೇನೆ, ಯಾಕೆಂದರೆ ನನಗೂ ಕೋಪ ಬಂದಿದೆ.

ನೀನು ಕೊಟ್ಟದ್ದು ಆಲ್ಬಂ ಅಲ್ಲ, ಪರೀಕ್ಷೆ. ಪ್ರತಿ ಸಲವೂ ನಾನು ಉತ್ತರ ಬರೆಯಬೇಕಿತ್ತು. ಮೆಟಲ್ ಆಲ್ಬಂ ತಲೆನೋವು ಬರಿಸಿತು ಅಂದದ್ದಕ್ಕೆ ನೀನು ಒಂದು ವಾರ ಮೇಲ್ ಮಾಡಲಿಲ್ಲ. ಅದಾದ ಮೇಲೆ ಪೋರ್ಚುಗಲ್ಲಿನವರ ಬಗ್ಗೆ ಸುಳ್ಳು ಬರೆದೆ. ಅವರು ಅತ್ತದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅದೊಂದು ಸುಳ್ಳು, ಒಪ್ಪುತ್ತೇನೆ. ನೀನು ಮಾತು ಬಿಟ್ಟೀಯ ಅಂತ ಹೆದರಿಕೆ ಇತ್ತು.

ಆದರೆ ಸರೋದ್ ಸುಳ್ಳಲ್ಲ. ಬಸ್ಸು ಜಾಲಹಳ್ಳಿ ಕ್ರಾಸ್ ದಾಟಿ ಬಲಕ್ಕೆ ತಿರುಗುವಾಗ ಅದು ನಿಂತಿತು. ಒಂದು ಉಸಿರು. ಆಮೇಲೆ ಡ್ರಮ್ ಬಂತು, ಕಿಟಕಿಯಲ್ಲಿ ಬೆಳಕು ಬಂತು. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ನಿನಗೆ ಹೇಳಿದೆ. ಆ ಕ್ರಮ ತಪ್ಪು ಅನ್ನುತ್ತೀಯ. ತಪ್ಪೇ ಇರಲಿ. ಕೇಳಿಸಿಕೊಂಡದ್ದನ್ನು ಈಗ ನಾನು ವಾಪಸ್ ಕೊಡಲೇ? ಕಾರ್ಡು ಹಾಡುಗಳನ್ನು ಜೋಡಿಸಿತು, ನಿಜ. ಬೆಳಕು ಅಂತ ಅದು ಬರೆಯಲಿಲ್ಲ.

ಇನ್ನೊಂದು. ಎಲ್ಲರೂ ಕೇಳಲೇಬೇಕಾದವು ಅಂತ ಎಂಟು ಕೊಟ್ಟೆ. ನಾನು ಏನು ಕೇಳುತ್ತೇನೆ ಅಂತ ಆರು ತಿಂಗಳಲ್ಲಿ ಒಂದು ಸಲ ಕೇಳಲಿಲ್ಲ. ನನಗೆ ಅಂತ ಏನೂ ಇರಲಾರದು ಅಂದುಕೊಂಡೆಯಾ?

ಕ್ವಾರ್ಟರ್ಸಿನ ಕೀ ನನ್ನ ಹತ್ತಿರವೇ ಇದೆ, ಸೆಪ್ಟೆಂಬರ್ ಮೊದಲ ವಾರದವರೆಗೆ.

ಶಿವಪ್ರಕಾಶ

*

ಆರ್.ಟಿ. ನಗರ
೧೧ ಆಗಸ್ಟ್ ೨೦೧೧

ಶಿವು,

ನನ್ನ ಮೇಲೆ ಕೋಪ ಮಾಡಿಕೊಳ್ಳೋದಕ್ಕೆ ನಿನಗೆ ಯಾರು ಅಧಿಕಾರ ಕೊಟ್ಟರು? ಮೋಸ ಹೋದವಳು ನಾನು. ನಿನ್ನ ಕಾಗದ ಓದಿ ಊಟ ಬಿಟ್ಟೆ, ಆಮೇಲೆ ಅಮ್ಮ ಮಾಡಿದ ಒಬ್ಬಟ್ಟು ಮಾತ್ರ ತಿಂದೆ.

ಮೊನ್ನೆ ನಿನ್ನ ಫೋನ್ ಕಿವಿಗೆ ಸಿಕ್ಕಿಸಿಕೊಂಡು ಆರ್.ಟಿ. ನಗರದಿಂದ ಬಸ್ಸು ಹತ್ತಿದೆ. ನಿನ್ನನ್ನು ತಪ್ಪು ಅಂತ ತೋರಿಸೋದಕ್ಕೇ ಹತ್ತಿದ್ದು, ಬೇರೆ ಉದ್ದೇಶ ಇರಲಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನ ಹಾಗೆ ಟ್ರಾಫಿಕ್ ನಿಂತಿತ್ತು. ಕೆಳಗೆ ಕೆರೆ, ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಸೊಪ್ಪಿನ ಚೀಲ. ಸರೋದ್ ನಿಂತಿತು. ನಾನು ಹಲ್ಲು ಕಚ್ಚಿ ಕೂತಿದ್ದೆ, ಏನೂ ಆಗಬಾರದು ಅಂತ. ಡ್ರಮ್ ಬಂತು.

ಆ ಕ್ರಮ ತಪ್ಪು. ಈ ಮಾತನ್ನು ನಾನು ಸಾಯೋ ತನಕ ಬಿಡೋದಿಲ್ಲ. ಆದರೆ ಆ ಸರೋದ್ ನುಡಿಸಿದವರಿಗೂ ಹೆಬ್ಬಾಳದ ಆ ಹುಡುಗರಿಗೂ ಒಬ್ಬರ ಮುಖ ಒಬ್ಬರು ನೋಡದೆ ಅದು ಹೇಗೆ ಅಷ್ಟು ಸರಿಯಾಗಿ ಕೂಡಿತು ಅಂತ ನನಗೆ ಸಿಟ್ಟು ಬರ್ತಿದೆ. ಹಿಂದಕ್ಕೆ ಹಾಕಿ ಇನ್ನೊಂದು ಸಲ ಕೇಳಿದೆ. ಇಳಿಯಬೇಕಾದ ಸ್ಟಾಪು ತಪ್ಪಿತು. ಕಂಡಕ್ಟರ್ ಬೈದ. ಅದೂ ನಿನ್ನ ಲೆಕ್ಕಕ್ಕೇ.

ನಿನ್ನ ಕೊನೆಯ ಮಾತು ಚುಚ್ಚಿತು. ನಾನು ಕೇಳಲಿಲ್ಲ, ನಿಜ. ನೀನು ಹೇಳಬಹುದಿತ್ತು, ಅದೂ ನಿಜ. ಈಗ ಕೇಳುತ್ತಿದ್ದೀನಿ. ನಿನ್ನದು ಯಾವುದು? ಆಲ್ಬಂ ಹೆಸರು ಬರೆ. ಮುಕ್ತಾರ್ ಭಾಯ್ ಹಳೇ ಸ್ಟಾಕನ್ನೆಲ್ಲ ರಟ್ಟಿನ ಡಬ್ಬಗಳಲ್ಲಿ ತುಂಬಿಟ್ಟಿದ್ದಾರೆ, ಹುಡುಕಿಸಿ ತರುತ್ತೀನಿ. ಕೇಳಿ ನೋಡುತ್ತೀನಿ, ಆಮೇಲೆ ಬರೋದೋ ಬೇಡವೋ ನಿರ್ಧಾರ. ಟಿಕೆಟ್ ತೆಗೆಸಿಲ್ಲ, ಗೊತ್ತಿರಲಿ.

ತೇಜು

*

ಸೈಟ್
೧೮ ಆಗಸ್ಟ್ ೨೦೧೧

ತೇಜು,

ಮುಕ್ತಾರ್ ಭಾಯ್ ಹತ್ತಿರ ಅದು ಸಿಗುವುದಿಲ್ಲ. ಯಾರ ಹತ್ತಿರವೂ ಇಲ್ಲ.

ಕಳೆದ ಡಿಸೆಂಬರಿನಲ್ಲಿ ನಾನು ಐದು ದಿನ ಮೇಲ್ ಮಾಡಲಿಲ್ಲ ಅಂತ ನೀನು ಕೋಪಿಸಿಕೊಂಡಿದ್ದೆ, ನೆನಪಿದೆಯಾ? ಬಾಗಲಕೋಟೆ ಕಡೆ ನಮ್ಮೂರಿಗೆ ಹೋಗಿದ್ದೆ. ಮೊಹರಂ. ನಮ್ಮೂರಲ್ಲಿ ಮುಸಲ್ಮಾನರ ಮನೆ ಎರಡೇ ಇವೆ, ಹಬ್ಬ ಮಾತ್ರ ಊರಿಗೆಲ್ಲ. ರಾತ್ರಿ ಗಂಡಸರೆಲ್ಲ ಕಾಲಿಗೆ ಗೆಜ್ಜೆ ಕಟ್ಟಿ ಬಳೆಯಾಕಾರದಲ್ಲಿ ನಿಂತು ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ. ಯುದ್ಧದಲ್ಲಿ ಸತ್ತ ಅಣ್ಣ ತಮ್ಮಂದಿರ ಕಥೆ, ಕನ್ನಡದಲ್ಲಿ. ನನ್ನ ಸೋದರಮಾವ ಶಿವಶರಣಪ್ಪ ಮುಂದಿನ ದನಿ. ಅವರಿಗೆ ಗಂಟಲು ಹೋದ ಮೇಲೆ ನಾಲ್ಕು ವರ್ಷದಿಂದ ನಾನು. ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳೋಣ ಅಂದುಕೊಂಡಾಗ ನೀನು ಜಾಜ್ ಕಳಿಸಿದೆ. ಅದರ ಮುಂದೆ ಇದೇನು ಅಂತ ಸುಮ್ಮನಾದೆ.

ಅದನ್ನು ಕೇಳಿಸಬೇಕೆಂದರೆ ನಾನೇ ಹಾಡಬೇಕು. ಆದರೆ ಒಬ್ಬನೇ ಹಾಡಲು ಬರುವುದಿಲ್ಲ. ಮುಂದಿನವನು ಒಂದು ಸಾಲು ಹೇಳಿದರೆ ಹಿಂದಿನವರು ಪಲ್ಲವಿ ತಿರುಗಿ ಹೇಳಬೇಕು. ಅವರು ಹೇಳುವಾಗ ಮುಂದಿನವನು ಉಸಿರು ತೆಗೆದುಕೊಳ್ಳುತ್ತಾನೆ. ಯಾರೂ ಹೇಳದಿದ್ದರೆ ಪದ ಅಲ್ಲೇ ನಿಲ್ಲುತ್ತೆ. ಇಲ್ಲಿ ಬೆಟ್ಟದ ಮೇಲೆ ಒಂದೆರಡು ಸಲ ಒಬ್ಬನೇ ಪ್ರಯತ್ನಿಸಿದೆ. ಆಗಲಿಲ್ಲ.

ನೀನು ಕೂತು ಕೇಳುವವಳಾದರೆ ಇದು ನಿನಗೆ ಹಿಡಿಸುವುದಿಲ್ಲ. ತಿರುಗಿ ಹೇಳುತ್ತೀಯಾದರೆ ಬಾ.

ಶಿವು

*

ಜಾಲಹಳ್ಳಿ
೨೬ ಆಗಸ್ಟ್ ೨೦೧೧

ಶಿವು,

ಹಾಡುತ್ತೀಯಾ. ನೀನು. ಗೆಜ್ಜೆ ಕಟ್ಟಿಕೊಂಡು. ಇಡೀ ಊರಿನ ಮುಂದೆ. ಮದುವೆಯಾಗಿ ಮೂರೂವರೆ ತಿಂಗಳಾಯಿತು, ಅದಕ್ಕೆ ಮುಂಚೆ ಆರು ತಿಂಗಳು, ನನ್ನನ್ನು ಪೋರ್ಚುಗಲ್ ತನಕ ಓಡಾಡಿಸಿಕೊಂಡು ಇದೊಂದನ್ನು ಬಾಯಿ ಬಿಡಲಿಲ್ಲ. ಹಾಸ್ಟೆಲಿನಲ್ಲಿ ಗೋಡೆ ತುಂಬ ಹಾಡುಗಾರರ ಪೋಸ್ಟರ್ ಅಂಟಿಸಿಕೊಂಡಿದ್ದ ಹುಡುಗಿಗೆ ತನ್ನ ಗಂಡ ಹಾಡುಗಾರ ಅಂತ ಗೊತ್ತಿಲ್ಲ. ನಿನಗೆ ನಾಚಿಕೆಯಾಗಬೇಕು. ನನಗೂ ಆಗಿದೆ, ಸ್ವಲ್ಪ.

ಕಾಗದ ಬಂದ ಮಧ್ಯಾಹ್ನವೇ ಜಾಲಹಳ್ಳಿಗೆ ಬಂದೆ. ಅತ್ತೆ ಹೆಸರುಕಾಳು ಆರಿಸುತ್ತಿದ್ದರು. ಪಕ್ಕದಲ್ಲಿ ಕೂತು, ನಿಮ್ಮ ಮಗನ ಪದಕ್ಕೆ ಪಲ್ಲವಿ ಹೇಳೋದು ಹೇಗೆ ಅಂತ ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಗಂಡಸರು ಹಾಡೂದವಾ" ಅಂದರು. ಹಾಗಾದರೆ ನಿಮಗೆ ಬರೋದಿಲ್ಲವಾ ಅಂದೆ. ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಳಿನ ಮೊರ ಪಕ್ಕಕ್ಕಿಟ್ಟು, ನೆಲಕ್ಕೆ ಅಂಗೈ ಬಡಿಯುತ್ತ ಪದದ ತಲೆಯಿಂದ ಬುಡದ ತನಕ ಹೇಳಿದರು. ಮೊಹರಂ ಬೆಂಕಿ ಹಾಕುವ ಅಲಾಯಿ ಕುಣಿಯ ಈಚೆ ಹೆಂಗಸರ ನಡುವೆ ನಿಂತು ಇಷ್ಟು ವರ್ಷ ತುಟಿ ಅಲ್ಲಾಡಿಸದೆ ಕಲಿತರಂತೆ. ಇದನ್ನು ಕೇಳಿ ನನಗೆ ಬಂದ ಕೋಪ ಬೇರೆ ಕಾಗದದಲ್ಲಿ ಬರೆಯುವಷ್ಟಿದೆ. ಬಾ ಊರಿಗೆ, ಬರೋ ಮೊಹರಂಗೆ ಅತ್ತೆಯನ್ನು ಎಲ್ಲಿ ನಿಲ್ಲಿಸುತ್ತೀನಿ ನೋಡು.

ಮೂರು ದಿನದಿಂದ ಹೇಳಿಸಿಕೊಳ್ಳುತ್ತಿದ್ದೀನಿ. ನಾನು ಪಲ್ಲವಿಯನ್ನು ಬೇಗ ಎತ್ತಿಬಿಡುತ್ತೀನಂತೆ. "ಅವ ಮುಗಸಲಿ ತಡಿ, ನಿನ್ನ ಗಡಿಬಿಡಿಗೆ ಅವನ ಉಸಿರು ಸಿಕ್ಕೊಂಡೀತು" ಅಂತ ತೊಡೆಗೆ ಚಿವುಟುತ್ತಾರೆ. ನಿಜವಾಗಿ ಕೆಂಪಗಾಗಿದೆ. ನಿನ್ನ ಬಗ್ಗೆಯೂ ಹೇಳಿದರು. ಮೂರನೇ ನುಡಿಯಲ್ಲಿ, ತಮ್ಮನ ಸಾವು ಬಂದಾಗ, ನೀನು ಪ್ರತಿ ವರ್ಷ ಹೆಜ್ಜೆ ತಪ್ಪುತ್ತೀಯಂತೆ. ಆಗ ಹಿಂದಿನವರು ಪಲ್ಲವಿಯನ್ನು ಎರಡು ಸಲ ಹೇಳಿ ನಿನಗೆ ಟೈಮ್ ಕೊಡುತ್ತಾರಂತೆ. ಹೇಳುತ್ತೀನಿ. ಬೇಕಾದರೆ ಮೂರು ಸಲ.

ಮಾವ ಟಿಕೆಟ್ ತೆಗೆಸಿದ್ದಾರೆ, ಮಂಗಳವಾರ ಯಶವಂತಪುರದಿಂದ ಹೊರಡುತ್ತೀವಿ. ಸ್ಟೇಷನ್ನಿಗೆ ನೀನೇ ಬರುತ್ತೀಯ, ಅಲ್ಲಿಂದ ಟೌನ್‌ಶಿಪ್ಪಿಗೆ ಜೀಪಿನಲ್ಲಿ ಎರಡು ಗಂಟೆ ಅಂತ ಮಾವ ಹೇಳಿದರು. ಅಷ್ಟು ಹೊತ್ತು ಸುಮ್ಮನೆ ಕೂರೋದು ನನ್ನಿಂದಾಗದು. ಡ್ರೈವರ್ ಇದ್ದರೆ ಇರಲಿ, ನಿಮ್ಮಪ್ಪ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಜೀಪಿನಲ್ಲೇ ಪದ ಎತ್ತು. ನೀನು ಮುಗಿಸೋ ತನಕ ತಡೆದುಕೊಂಡಿರುತ್ತೀನಿ.

ತೇಜು